ಮನೆಯ ಪಾಲು, ಊರಿನ ಆಸರೆ: ಕೇಂಬ್ರಿಜ್‌ಶೈರಿನ ಮೂರು ಹಳ್ಳಿಗಳ ಉಯಿಲುಗಳು

(ದತ್ತಿ ಉಪನ್ಯಾಸದ ಪೂರ್ಣ ಪಾಠ)



ಹಿರಿಯರೊಬ್ಬರು ತಮ್ಮ ಗಳಿಕೆಯಲ್ಲಿ ಒಂದಿಷ್ಟನ್ನು ಮಕ್ಕಳು ಮೊಮ್ಮಕ್ಕಳನ್ನು ದಾಟಿ, ಗುರುತು ಪರಿಚಯ ಇಲ್ಲದವರಿಗೂ ಸಲ್ಲಲಿ ಎಂದು ಎತ್ತಿಟ್ಟಾಗ ಅದು ದತ್ತಿಯಾಗುತ್ತದೆ. ಅಂಥ ಹಣದ ಬಲದಿಂದ ನಡೆಯುವ ಉಪನ್ಯಾಸದಲ್ಲಿ ಆಸ್ತಿ ಹಂಚಿಕೆಯ ಚರಿತ್ರೆಯನ್ನೇ ವಿಷಯವಾಗಿ ತೆಗೆದುಕೊಳ್ಳುವುದು ಉಚಿತ ಎಂದುಕೊಂಡಿದ್ದೇನೆ.

ನನ್ನ ಮುಂದಿರುವ ಪ್ರಶ್ನೆ ಬಹಳ ಹಳೆಯದು. ಒಬ್ಬ ರೈತನಿಗೆ ಇಪ್ಪತ್ತು ಎಕರೆ ಜಮೀನಿದೆ. ಹೆಂಡತಿ ಇದ್ದಾಳೆ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಜಮೀನನ್ನು ಒಬ್ಬನಿಗೇ ಕೊಟ್ಟರೆ ಬೇಸಾಯ ಉಳಿಯುತ್ತದೆ, ಮಿಕ್ಕವರು ಬರಿಗೈಯಲ್ಲಿ ಹೊರಬೀಳುತ್ತಾರೆ. ಎಲ್ಲರಿಗೂ ಹಂಚಿದರೆ ಎಲ್ಲರಿಗೂ ನ್ಯಾಯ ಸಿಗುತ್ತದೆ, ಆದರೆ ಯಾರ ಹೊಟ್ಟೆಗೂ ಸಾಲುವುದಿಲ್ಲ. ಸಾವು ಹತ್ತಿರವಾದ ಆ ಮನುಷ್ಯ ಏನು ಮಾಡಬೇಕು? ನಮ್ಮ ಹಳ್ಳಿಗಳ ಪ್ರತಿ ಮನೆಯೂ ಎದುರಿಸಿರುವ ಈ ಪ್ರಶ್ನೆಗೆ ಹದಿನಾರು ಮತ್ತು ಹದಿನೇಳನೆಯ ಶತಮಾನದ ಇಂಗ್ಲೆಂಡಿನ ರೈತರು ಕೊಟ್ಟ ಉತ್ತರಗಳು ಅವರ ಉಯಿಲುಗಳಲ್ಲಿ ಉಳಿದುಕೊಂಡಿವೆ. ಓದುಬರಹ ತಿಳಿಯದ, ಹೆಬ್ಬೆಟ್ಟಿನ ಬದಲು ಒಂದು ಗೀಟು ಹಾಕಿದ ಜನರ ಮನಸ್ಸನ್ನು ಇಷ್ಟು ಹತ್ತಿರದಿಂದ ತೋರಿಸುವ ದಾಖಲೆಗಳು ಚರಿತ್ರೆಯಲ್ಲಿ ಅಪರೂಪ.

ಕಾನೂನು ತೆರೆದ ದಾರಿ

ಇಂಗ್ಲೆಂಡಿನ ಸಾಮಾನ್ಯ ಕಾನೂನಿನ ಪ್ರಕಾರ ಭೂಮಿ ಹಿರಿಯ ಮಗನಿಗೆ ಸೇರುತ್ತಿತ್ತು. ಎಲ್ಲ ಕಡೆಯೂ ಹಾಗಿರಲಿಲ್ಲ. ಕೆಂಟ್ ಪ್ರಾಂತದಲ್ಲಿ ಗ್ಯಾವೆಲ್‌ಕೈಂಡ್ ಎಂಬ ರೂಢಿಯಂತೆ ಗಂಡುಮಕ್ಕಳೆಲ್ಲರಿಗೂ ಸಮಪಾಲಿತ್ತು. ಬೇರೆ ಕೆಲವು ಊರುಗಳಲ್ಲಿ ಕಿರಿಯ ಮಗನೇ ವಾರಸುದಾರ. ಈ ಸ್ಥಳೀಯ ರೂಢಿಗಳನ್ನು ಕಾನೂನು ಕೊನೆಗೊಳಿಸಿದ್ದು 1925ರಲ್ಲಿ. ಇವೆಲ್ಲವೂ ಉಯಿಲು ಇಲ್ಲದಿದ್ದಾಗ ನಡೆಯುವ ಕ್ರಮ. ಉಯಿಲು ಬರೆಯುವವನಿಗೆ ದಾರಿ ತೆರೆದದ್ದು ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ, 1540ರಲ್ಲಿ ಬಂದ ಉಯಿಲು ಕಾಯಿದೆ. ಯುದ್ಧಸೇವೆಯ ಹೊಣೆಯಿಲ್ಲದ ಹಿಡುವಳಿಯನ್ನು ಪೂರ್ತಿಯಾಗಿ, ಯುದ್ಧಸೇವೆಯ ಹೊಣೆಯಿದ್ದ ಹಿಡುವಳಿಯಲ್ಲಿ ಮೂರರಲ್ಲಿ ಎರಡು ಭಾಗವನ್ನು ತನಗೆ ಬೇಕಾದವರಿಗೆ ಬರೆದಿಡಬಹುದು ಎಂದು ಅದು ಹೇಳಿತು. ಮ್ಯಾನರ್ ಎಂಬ ಜಮೀನ್ದಾರಿ ಘಟಕದ ನ್ಯಾಯಾಲಯದ ದಫ್ತರದಲ್ಲಿ ಹೆಸರು ನಮೂದಾಗಿದ್ದ ಸಾಧಾರಣ ಒಕ್ಕಲಿನವರೂ ಒಂದು ಉಪಾಯ ಕಂಡುಕೊಂಡಿದ್ದರು. ಹಿಡುವಳಿಯನ್ನು ಜಮೀನ್ದಾರನಿಗೆ ಒಪ್ಪಿಸಿ, ಮುಂದೆ ಅದು ತನ್ನ ಉಯಿಲಿನಂತೆ ನಡೆಯಲಿ ಎಂದು ಬರೆಸುತ್ತಿದ್ದರು.

ಈ ಸ್ವಾತಂತ್ರ್ಯ ಎಲ್ಲರಿಗೂ ಸಿಗಲಿಲ್ಲ. ಇಪ್ಪತ್ತೊಂದು ತುಂಬದವರು, ಬುದ್ಧಿ ಸ್ವಾಧೀನದಲ್ಲಿ ಇಲ್ಲದವರು ಮತ್ತು ಮದುವೆಯಾದ ಹೆಂಗಸರು ಭೂಮಿಯನ್ನು ಉಯಿಲಿನಲ್ಲಿ ಕೊಡುವಂತಿಲ್ಲ ಎಂದು 1542ರ ಕಾಯಿದೆ ಸ್ಪಷ್ಟಪಡಿಸಿತು. ಗಂಡನ ಒಪ್ಪಿಗೆಯಿಲ್ಲದೆ ಹೆಂಡತಿ ತನ್ನ ಪಾತ್ರೆಪಗಡವನ್ನೂ ಬರೆದಿಡುವಂತಿರಲಿಲ್ಲ. ಹೀಗಾಗಿ ಹೆಂಗಸರ ಹೆಸರಿನಲ್ಲಿ ನಮಗೆ ಸಿಗುವ ಉಯಿಲುಗಳು ಬಹುಮಟ್ಟಿಗೆ ವಿಧವೆಯರವು, ಉಳಿದವು ಮದುವೆಯಾಗದೆ ಉಳಿದವರವು.

ಇದರ ಪಕ್ಕದಲ್ಲಿ ನಮ್ಮ ನೆಲದ ಶಾಸ್ತ್ರವನ್ನು ಇಟ್ಟು ನೋಡಬೇಕು. ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕಿದೆ ಎಂದಿತು. ತಂದೆ ಅಲ್ಲಿ ಒಡೆಯನಿಗಿಂತ ಹೆಚ್ಚಾಗಿ ಮೇಲ್ವಿಚಾರಕ. ಇಂಗ್ಲೆಂಡಿನ ಕಾನೂನಿನ ನೆಲೆಯೇ ಬೇರೆ. ಬದುಕಿರುವವನಿಗೆ ವಾರಸುದಾರರಿಲ್ಲ ಎಂಬುದು ಅಲ್ಲಿನ ಸೂತ್ರ. ತಂದೆ ಕಣ್ಣು ಮುಚ್ಚುವವರೆಗೆ ಮಗನಿಗೆ ನಿರೀಕ್ಷೆಯಿತ್ತು, ಹಕ್ಕಿರಲಿಲ್ಲ. ಈ ವ್ಯತ್ಯಾಸವನ್ನೇ ಮುಂದಿಟ್ಟುಕೊಂಡು ಚರಿತ್ರಕಾರ ಅಲನ್ ಮ್ಯಾಕ್‌ಫರ್ಲೇನ್ 1978ರಲ್ಲಿ ಇಂಗ್ಲಿಷ್ ವ್ಯಕ್ತಿವಾದದ ಮೂಲವನ್ನು ಕುರಿತು ದೊಡ್ಡ ವಾದವೊಂದನ್ನು ಕಟ್ಟಿದರು. ಆದರೆ ಕಾನೂನು ಕೊಟ್ಟ ಸ್ವಾತಂತ್ರ್ಯವನ್ನು ಆ ತಂದೆಯರು ನಿಜವಾಗಿ ಹೇಗೆ ಬಳಸಿದರು? ಇದಕ್ಕೆ ಉತ್ತರ ಹಳ್ಳಿಯ ಉಯಿಲುಗಳಲ್ಲೇ ಸಿಗಬೇಕು.

ಹಾಸಿಗೆಯ ಪಕ್ಕದ ಬರಹಗಾರ

ಉಯಿಲು ಬರೆಸುವುದನ್ನು ಜನ ಸಾಮಾನ್ಯವಾಗಿ ಕಾಯಿಲೆ ಬಿದ್ದಾಗಿನವರೆಗೂ ಮುಂದೂಡುತ್ತಿದ್ದರು. ಆಗ ಊರಿನಲ್ಲಿ ಬರೆಯಬಲ್ಲವರಿಗೆ ಕರೆ ಹೋಗುತ್ತಿತ್ತು. ಪಾದ್ರಿ, ಶಾಲೆಯ ಮೇಷ್ಟರು, ಅಕ್ಷರ ಬಲ್ಲ ನೆರೆಯ ರೈತ, ಯಾರೂ ಆಗಬಹುದಿತ್ತು. ನಮ್ಮ ಪತ್ರಗಳ ಕೊನೆಗೆ ಬಿಕ್ಕಲಂ ಎಂದು ರುಜು ಹಾಕುವವನ ಸ್ಥಾನ ಅವನದು. ದೇವರ ಹೆಸರಿನಲ್ಲಿ ಮೊದಲಿಟ್ಟು, ದೇಹಕ್ಕೆ ಕಾಯಿಲೆಯಾಗಿದ್ದರೂ ನೆನಪು ಚೆನ್ನಾಗಿದೆ ಎಂದು ಹೇಳಿ, ಆತ್ಮವನ್ನು ದೇವರಿಗೂ ದೇಹವನ್ನು ಚರ್ಚಿನ ಅಂಗಳಕ್ಕೂ ಒಪ್ಪಿಸಿ, ಊರಿನ ಬಡವರಿಗೆ ಒಂದಿಷ್ಟು ಎತ್ತಿಟ್ಟು, ಆಮೇಲೆ ಹೆಂಡತಿ ಮಕ್ಕಳ ವಿಷಯಕ್ಕೆ ಬರುವುದು ಕ್ರಮ. ಒಂದೇ ಊರಿನ ಎಷ್ಟೋ ಉಯಿಲುಗಳು ಒಬ್ಬನೇ ಬರಹಗಾರನ ಕೈಬರಹದಲ್ಲಿವೆ. ಆದ್ದರಿಂದ ಆತ್ಮದ ಕುರಿತ ಮಾತುಗಳಲ್ಲಿ ಸಾಯುವವನ ನಂಬಿಕೆ ಎಷ್ಟು, ಬರಹಗಾರನ ರೂಢಿ ಎಷ್ಟು ಎಂಬುದನ್ನು ತೂಗಿ ನೋಡಬೇಕಾಗುತ್ತದೆ. ಹಸು, ಹಂಡೆ, ಕೋಣೆಗಳ ಮಾತಿಗೆ ಬಂದಾಗ ಮಾತ್ರ ದನಿ ಸಾಯುವವನದೇ.

ಈ ಕೆಲಸವನ್ನು ಜನ ಎಷ್ಟು ಗಂಭೀರವಾಗಿ ನೋಡುತ್ತಿದ್ದರು ಎಂಬುದಕ್ಕೆ ಹಳ್ಳಿಯಿಂದ ದೂರದ ಒಂದು ಉದಾಹರಣೆ ಸಾಕು. 1636ರಲ್ಲಿ ನ್ಯೂಕ್ಯಾಸಲ್ ನಗರದಲ್ಲಿ ಪ್ಲೇಗ್ ಹರಡಿ ಐದು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ರಾಲ್ಫ್ ಟೇಲರ್ ಎಂಬ ಎಳೆಯ ಪತ್ರ ಬರಹಗಾರ ಆ ಬೇಸಿಗೆಯಲ್ಲಿ ಊರು ಬಿಟ್ಟು ಓಡಲಿಲ್ಲ. ಕಲ್ಲಿದ್ದಲು ಸಾಗಿಸುವ ದೋಣಿಯ ಕೆಲಸಗಾರ ಥಾಮಸ್ ಹೋಮ್ಸ್ ರೋಗ ತಗುಲಿ ಮನೆಯೊಳಗೆ ಮಲಗಿದ್ದಾಗ, ಟೇಲರ್ ಪಕ್ಕದ ಕೋಟೆಗೋಡೆಯ ಮೇಲೆ ನಿಂತು ಕಿಟಕಿಯಿಂದ ಬರುವ ಮಾತು ಕೇಳಿ ಉಯಿಲು ಬರೆದ. ಕೀತ್ ರೈಟ್‌ಸನ್ ಎಂಬ ಚರಿತ್ರಕಾರರು ಈ ಯುವಕನ ಸುತ್ತಲೇ ಒಂದು ಇಡೀ ಪುಸ್ತಕ ಬರೆದಿದ್ದಾರೆ. ಪ್ರಾಣಭಯದ ನಡುವೆಯೂ ಸಾಯುವವನ ಕೊನೆಯ ಮಾತಿಗೆ ಸಾಕ್ಷಿಯಾಗಬೇಕು ಎಂಬ ನೆರೆಹೊರೆಯ ಧರ್ಮ ಅಲ್ಲಿ ಕಾಣುತ್ತದೆ.

ಸಾವಿನ ನಂತರವೂ ನೆರೆಯವರ ಕೆಲಸ ಮುಗಿಯುತ್ತಿರಲಿಲ್ಲ. 1529ರ ಕಾಯಿದೆಯಂತೆ ಸತ್ತವನ ಚರಾಸ್ತಿಯ ಪಟ್ಟಿ ಮಾಡಬೇಕಿತ್ತು. ಊರಿನ ಕೆಲವರು ಕೋಣೆಯಿಂದ ಕೋಣೆಗೆ ನಡೆದು ಹಿತ್ತಾಳೆ ಪಾತ್ರೆ, ಗರಿಯ ಹಾಸಿಗೆ, ಕಣದ ಬಾರ್ಲಿ, ಹೊಲದಲ್ಲಿ ನಿಂತ ಪೈರು, ಕೋಳಿ, ಗೊಬ್ಬರದ ಗುಡ್ಡೆ ಎಲ್ಲಕ್ಕೂ ಬೆಲೆ ಕಟ್ಟುತ್ತಿದ್ದರು. ಉಯಿಲೂ ಪಟ್ಟಿಯೂ ಚರ್ಚಿನ ನ್ಯಾಯಾಲಯಕ್ಕೆ ಹೋಗುತ್ತಿದ್ದವು. 1858ರವರೆಗೂ ಉಯಿಲು ಸ್ಥಿರಪಡಿಸುವ ಅಧಿಕಾರ ಧರ್ಮಪೀಠಗಳದಾಗಿತ್ತು. ಆ ಶಿಸ್ತಿನಿಂದಲೇ ಇಷ್ಟೊಂದು ಕಾಗದ ಉಳಿದಿದೆ. ಕ್ಯಾಂಟರ್‌ಬರಿಯ ಉನ್ನತ ನ್ಯಾಯಾಲಯವೊಂದರಲ್ಲೇ ನೋಂದಾದ ಹತ್ತು ಲಕ್ಷಕ್ಕೂ ಹೆಚ್ಚು ಉಯಿಲುಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಮೂರು ಹಳ್ಳಿ, ಒಂದೇ ಆಸೆ

ಮಾರ್ಗರೆಟ್ ಸ್ಪಫರ್ಡ್ ಎಂಬ ವಿದ್ವಾಂಸರು ಕೇಂಬ್ರಿಜ್‌ಶೈರಿನ ಮೂರು ಹಳ್ಳಿಗಳನ್ನು ಆರಿಸಿಕೊಂಡು, ಸರ್ವೆ, ಮ್ಯಾನರ್ ದಫ್ತರ ಮತ್ತು ಉಯಿಲುಗಳನ್ನು ಪಕ್ಕಪಕ್ಕ ಇಟ್ಟು ಓದಿದರು. 1974ರಲ್ಲಿ ಪ್ರಕಟವಾದ ಅವರ ಆ ಕೃತಿಯ ಋಣ ನನ್ನ ಮಾತಿನ ಮೇಲೆ ದೊಡ್ಡದಿದೆ. ಚಿಪೆನ್‌ಹ್ಯಾಮ್ ಸುಣ್ಣಕಲ್ಲಿನ ನೆಲದ ಹಳ್ಳಿ. ಅಲ್ಲಿ ಕುರಿ ಮತ್ತು ಧಾನ್ಯ ಜೋಡಿ ಬೇಸಾಯ. ಆರ್ವೆಲ್ ಜೇಡಿಮಣ್ಣಿನ ಉಳುಮೆಯ ಹಳ್ಳಿ. ವಿಲ್ಲಿಂಗ್‌ಹ್ಯಾಮ್ ಜವುಗು ಬಯಲಿನ ಅಂಚಿನ ಹಳ್ಳಿ. ಚಳಿಗಾಲದಲ್ಲಿ ನೀರು ತುಂಬುವ ಆ ಬಯಲು ಬೇಸಿಗೆಯಲ್ಲಿ ಸೊಂಪಾದ ಹುಲ್ಲುಗಾವಲು. ಮೀನು, ನೀರುಹಕ್ಕಿ, ಚಾವಣಿಗೆ ಹೊದಿಸುವ ಜೊಂಡು, ಉರುವಲಿಗೆ ಒಣಗಿಸಿದ ಜವುಗುಮಣ್ಣು ಎಲ್ಲವೂ ಅಲ್ಲಿ ಸಿಗುತ್ತಿತ್ತು. ಊರಿನವರಿಗೆ ಅದರ ಮೇಲೆ ಸಾಮೂಹಿಕ ಹಕ್ಕಿತ್ತು. ಹಸು ಕಟ್ಟಿ ಚೀಸ್ ಮಾಡಿ ಮಾರುವುದು ಅಲ್ಲಿನ ಜೀವನ.

ಮೂರೂ ಊರಿನ ತಂದೆಯರ ಆಸೆ ಒಂದೇ ಆಗಿತ್ತು. ಮುಖ್ಯ ಹಿಡುವಳಿ ಒಬ್ಬ ಮಗನಿಗೆ, ಸಾಮಾನ್ಯವಾಗಿ ಹಿರಿಯನಿಗೆ ಹೋಗುತ್ತಿತ್ತು. ಹಾಗೆಂದು ಕಿರಿಯರನ್ನು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಎಲ್ಲೋ ಕೊಂಡ ಎರಡು ಮೂರು ಎಕರೆ, ಒಂದು ಗುಡಿಸಲು, ಒಂದು ಹಸು, ಒಂದಿಷ್ಟು ನಗದು ಅವರ ಪಾಲಿಗೆ ಬರುತ್ತಿತ್ತು. ಹೆಣ್ಣುಮಕ್ಕಳಿಗೆ ಹಣ, ಹಾಸಿಗೆ, ಪಾತ್ರೆ, ಹಸು. ಆ ಹಣವನ್ನು ಮದುವೆಯ ದಿನ ಅಥವಾ ವಯಸ್ಸು ತುಂಬಿದಾಗ ಕೊಡಬೇಕು ಎಂಬ ಷರತ್ತು. ಆ ಕಾಲದಲ್ಲಿ ಗಂಡಸರು ಇಪ್ಪತ್ತೆಂಟರ ಆಸುಪಾಸಿನಲ್ಲಿ, ಹೆಂಗಸರು ಇಪ್ಪತ್ತಾರರ ಆಸುಪಾಸಿನಲ್ಲಿ ಮದುವೆಯಾಗುತ್ತಿದ್ದರು. ಎಷ್ಟೋ ತಂದೆಯರು ಅಷ್ಟರೊಳಗೇ ತೀರಿಕೊಳ್ಳುತ್ತಿದ್ದರು. ಮಕ್ಕಳೆಲ್ಲ ನೆಲೆ ನಿಂತವನು ಉಯಿಲಿನ ಗೋಜಿಗೆ ಹೋಗುತ್ತಿದ್ದದ್ದು ಕಡಿಮೆ. ಎಳೆಯ ಮಕ್ಕಳನ್ನು ಬಿಟ್ಟು ಹೋಗುವವನೇ ಬರಹಗಾರನನ್ನು ಕರೆಸುತ್ತಿದ್ದ. ಆದ್ದರಿಂದ ಈ ಉಯಿಲುಗಳ ತುಂಬ ಇರುವುದು ಆತಂಕಗೊಂಡ ತಂದೆಯ ದನಿ.

ಕಷ್ಟ ಇರುವುದು ಇಲ್ಲೇ. ತಂಗಿಯರಿಗೂ ತಮ್ಮನಿಗೂ ಕೊಡಬೇಕಾದ ನಗದು ಪೆಟ್ಟಿಗೆಯಲ್ಲಿ ಇರುತ್ತಿರಲಿಲ್ಲ. ಹಿಡುವಳಿ ಪಡೆದ ಅಣ್ಣ ಮುಂದಿನ ವರ್ಷಗಳಲ್ಲಿ ಬೆಳೆ ಮಾರಿ ಅದನ್ನು ಹೊಂದಿಸಬೇಕಿತ್ತು. 1600ರ ಸುಮಾರಿನಲ್ಲಿ ದಕ್ಷಿಣ ಇಂಗ್ಲೆಂಡಿನ ಕೂಲಿಯಾಳಿಗೆ ದಿನಕ್ಕೆ ಎಂಟು ಪೆನ್ನಿ ಸಿಗುತ್ತಿತ್ತು. ಆ ಲೆಕ್ಕದಲ್ಲಿ ಹತ್ತು ಪೌಂಡ್ ಎಂದರೆ ಮುನ್ನೂರು ದಿನದ ದುಡಿಮೆ. ಇಬ್ಬರು ತಂಗಿಯರಿಗೂ ಒಬ್ಬ ತಮ್ಮನಿಗೂ ತಲಾ ಹತ್ತು ಪೌಂಡ್ ಬರೆದಿಟ್ಟರೆ, ಮಧ್ಯಮ ರೈತನ ತಲೆಯ ಮೇಲೆ ಒಬ್ಬ ಆಳಿನ ಮೂರು ವರ್ಷದ ಕೂಲಿಯಷ್ಟು ಹೊರೆ ಬಿತ್ತು. ಫಸಲು ಕೈಹಿಡಿದರೆ ಹೇಗೋ ತೀರುತ್ತಿತ್ತು. 1594ರಿಂದ 1597ರವರೆಗೆ ಒಂದರ ಹಿಂದೊಂದು ಬೆಳೆ ಕೈಕೊಟ್ಟಿತು. ಮಾರಲು ಮಿಕ್ಕುವಷ್ಟು ಧಾನ್ಯ ಬೆಳೆಯುವ ದೊಡ್ಡ ರೈತನಿಗೆ ಏರಿದ ಬೆಲೆಯಿಂದ ಲಾಭವಾಯಿತು. ಮಿಗತೆಯಿಲ್ಲದ ಮಧ್ಯಮ ರೈತ ಸಾಲಕ್ಕೆ ಬಿದ್ದ, ಹಿಡುವಳಿ ಕೈಬಿಟ್ಟ. ಚಿಪೆನ್‌ಹ್ಯಾಮ್‌ನ 1544ರ ಸರ್ವೆಯನ್ನೂ 1712ರ ಸರ್ವೆಯನ್ನೂ ಹೋಲಿಸಿದರೆ ನಡುವಿನ ಅಳತೆಯ ಹಿಡುವಳಿಗಳ ಜಾಗದಲ್ಲಿ ಕೆಲವೇ ದೊಡ್ಡ ಬೇಸಾಯಗಳು, ಸುತ್ತ ಭೂಮಿಯಿಲ್ಲದ ಜನ ಕಾಣುತ್ತಾರೆ. ಆರ್ವೆಲ್‌ನಲ್ಲೂ ಮಧ್ಯಮರು ಸವೆದುಹೋದರು.

ವಿಲ್ಲಿಂಗ್‌ಹ್ಯಾಮ್‌ನಲ್ಲಿ ಹಾಗಾಗಲಿಲ್ಲ. ಅಲ್ಲಿಯೂ ತಂದೆಯರು ಜಮೀನನ್ನು ಮಕ್ಕಳಿಗೆ ಹಂಚಿದರು. ಹಿಡುವಳಿಗಳು ಚಿಕ್ಕವಾದವು. ಆದರೆ ಚಿಕ್ಕ ಹಿಡುವಳಿದಾರ ಊರಿನಲ್ಲಿ ಉಳಿದ. ನಾಲ್ಕಾರು ಎಕರೆಯವನೂ ಜವುಗು ಬಯಲಿನ ಹುಲ್ಲಿನ ಮೇಲೆ ಹಸು ಮೇಯಿಸಿ, ಚೀಸ್ ಮಾರಿ, ಮೀನು ಹಿಡಿದು ಸಂಸಾರ ತೂಗಿಸಬಲ್ಲವನಾಗಿದ್ದ. ತಂದೆ ಕಿರಿಯ ಮಗನಿಗೆ ಒಂದು ಗುಡಿಸಲೂ ಒಂದು ಹಸುವೂ ಕೊಟ್ಟರೆ ಅದರ ಹಿಂದೆಯೇ ಬಯಲಿನ ಹಕ್ಕೂ ನಡೆದುಬರುತ್ತಿತ್ತು. ಇದೇ ಊರಿನ ಜನ 1593ರಲ್ಲಿ ತಾವೇ ಚಂದಾ ಕೂಡಿಸಿ ಒಂದು ಶಾಲೆಗೆ ನಿಧಿ ಕಟ್ಟಿದರು. ಸ್ವಂತ ನೆಲೆಯುಳ್ಳ ಸಣ್ಣ ರೈತರು ಬಹುಸಂಖ್ಯೆಯಲ್ಲಿದ್ದ ಊರಿಗೆ ಮಾತ್ರ ಸಾಧ್ಯವಾಗುವ ಕೆಲಸ ಅದು.

ಮಣ್ಣಿನ ಗುಣ, ಧಾನ್ಯದ ಬೆಲೆ, ಮಾರುಕಟ್ಟೆ, ಜಮೀನ್ದಾರನ ಧೋರಣೆ ಎಲ್ಲವೂ ಈ ಬದಲಾವಣೆಯಲ್ಲಿ ಕೈಯಾಡಿಸಿವೆ. ಉಯಿಲೊಂದನ್ನೇ ಕಾರಣವಾಗಿ ನಿಲ್ಲಿಸುವುದು ಸರಿಯಲ್ಲ. ಆದರೂ ಈ ಮೂರು ಹಳ್ಳಿಗಳಿಂದ ನಾನು ಕಲಿತದ್ದು ಇದು: ಮನೆಯೊಳಗೆ ಎಲ್ಲರಿಗೂ ನ್ಯಾಯ ಒದಗಿಸುವುದು ಮನೆಯ ಯಜಮಾನನ ಒಳ್ಳೆಯತನದಿಂದ ಮಾತ್ರ ಆಗುವುದಿಲ್ಲ. ಮನೆಯ ಹೊರಗೆ ಎಲ್ಲರದೂ ಆದ ಆಸ್ತಿಯೊಂದು ಇರಬೇಕು. ಹಂಚಿದ ಪಾಲು ಚಿಕ್ಕದಾದಾಗ ಅದಕ್ಕೆ ಒತ್ತಾಸೆಯಾಗಿ ನಿಲ್ಲುವುದು ಊರಿನ ಹುಲ್ಲುಗಾವಲು.

ವಿಧವೆಯ ಕೋಣೆ

ಉಯಿಲುಗಳಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವ ಭಾಗ ಹೆಂಡತಿಗೆ ಸಂಬಂಧಿಸಿದ್ದು. ಸಾಮಾನ್ಯ ಕಾನೂನು ಗಂಡನ ಭೂಮಿಯಲ್ಲಿ ಮೂರನೆಯ ಒಂದು ಭಾಗದ ಅನುಭೋಗವನ್ನು ವಿಧವೆಗೆ ಜೀವಮಾನದುದ್ದಕ್ಕೂ ಕೊಡುತ್ತಿತ್ತು. ಮ್ಯಾನರಿನ ಹಿಡುವಳಿಗಳಲ್ಲಿ ಊರಿಗೊಂದು ರೂಢಿ. ಮಕ್ಕಳು ಚಿಕ್ಕವರಿದ್ದರೆ, ಹಿರಿಯ ಮಗ ಪ್ರಾಯಕ್ಕೆ ಬರುವವರೆಗೆ ಜಮೀನನ್ನು ಹೆಂಡತಿಯೇ ನಡೆಸಲಿ ಎಂದು ಗಂಡಂದಿರು ಬರೆದರು. ಉಯಿಲನ್ನು ಜಾರಿಗೆ ತರುವ ಹೊಣೆಯನ್ನೂ ಬಹಳ ಸಲ ಅವಳಿಗೇ ವಹಿಸಿದರು. ಕಾನೂನು ಮದುವೆಯ ಕಾಲವಿಡೀ ಆಸ್ತಿಯಿಂದ ದೂರವಿಟ್ಟ ಹೆಂಗಸಿನ ಕೈಗೆ ಗಂಡ ಸಾಯುವ ಗಳಿಗೆಯಲ್ಲಿ ಇಡೀ ಮನೆಯನ್ನು ಒಪ್ಪಿಸಿದ. ಅವಳ ಶಕ್ತಿ ಏನೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮಗ ದೊಡ್ಡವನಾಗಿ ಸೊಸೆ ಬಂದಿದ್ದರೆ ಬರಹ ಬೇರೆ ರೀತಿಯಾಗುತ್ತದೆ. ಇಂಥ ಕೋಣೆ ಅವಳದು. ಒಲೆಯ ಬೆಂಕಿಯ ಬಳಿಗೆ ಬರಲು ಅವಳಿಗೆ ಅಡ್ಡಿಯಿರಬಾರದು. ವರ್ಷಕ್ಕೆ ಇಷ್ಟು ಧಾನ್ಯ, ಇಷ್ಟು ಸೌದೆ ಕೊಡಬೇಕು. ಅವಳ ಹಸುವನ್ನು ಮಗನ ಹಸುಗಳ ಜೊತೆಗೇ ಮೇಯಿಸಬೇಕು. ಹೊಂದಿಕೆಯಾಗದಿದ್ದರೆ ಬದಲಿಗೆ ಇಷ್ಟು ಹಣ. ತಾಯಿಗೆ ಬೆಂಕಿಯ ಬಳಿ ಕೂರುವ ಹಕ್ಕನ್ನು ಕಾಗದದಲ್ಲಿ ಬರೆಯಬೇಕಾಯಿತಲ್ಲ ಎಂದು ಕೆಲವರಿಗೆ ನೋವಾಗಬಹುದು. ನನಗೆ ಅದು ಬೇರೆ ರೀತಿ ಕಾಣುತ್ತದೆ. ಪ್ರೀತಿಯನ್ನು ನಂಬಿಕೊಂಡು ಏನನ್ನೂ ಬರೆಯದೆ ಹೋಗುವವನಿಗಿಂತ, ತಾನಿಲ್ಲದ ದಿನಗಳನ್ನು ಒಂದೊಂದಾಗಿ ಕಣ್ಣ ಮುಂದೆ ತಂದುಕೊಂಡು ಚಳಿಗಾಲದ ಸೌದೆಯನ್ನೂ ನೆನೆದು ಬರೆಸಿದವನ ಪ್ರೀತಿ ಆಳವಾದದ್ದು. ಹೀಗೆ ಬರೆದಿದ್ದರಿಂದಲೇ ಆ ತಾಯಿ ಕೋಣೆಯನ್ನು ಬೇಡಿ ಪಡೆಯಬೇಕಾಗಿ ಬರಲಿಲ್ಲ, ಅದು ಅವಳ ಹಕ್ಕಾಯಿತು.

ಒಡೆಯದೆ ಉಳಿಸುವ ಹಂಬಲ

ಹಂಚಿದವರ ಕಥೆ ಕೇಳಿದ ಮೇಲೆ ಹಂಚಲು ಒಪ್ಪದವರೊಬ್ಬರ ಉಯಿಲನ್ನೂ ನೋಡೋಣ. ಸ್ಟ್ರಾಟ್‌ಫರ್ಡ್‌ನ ವಿಲಿಯಂ ಶೇಕ್ಸ್‌ಪಿಯರ್ ರೈತನಲ್ಲ, ರಂಗಭೂಮಿಯಲ್ಲಿ ದುಡಿದು ತನ್ನ ಊರಿನಲ್ಲಿ ಆಸ್ತಿ ಕೊಂಡ ಮನುಷ್ಯ. 1616ರ ಮಾರ್ಚ್ 25ರ ದಿನಾಂಕವಿರುವ ಅವನ ಉಯಿಲು ಮೂರು ಹಾಳೆಯದು. ಒಬ್ಬನೇ ಮಗ ಹ್ಯಾಮ್ನೆಟ್ 1596ರಲ್ಲೇ ತೀರಿಕೊಂಡಿದ್ದ. ಮನೆ ಜಮೀನುಗಳ ಬಹುಭಾಗವನ್ನು ಹಿರಿಯ ಮಗಳು ಸುಸಾನಾಳಿಗೆ ಕೊಟ್ಟು, ಅವಳ ನಂತರ ಅವಳ ಹಿರಿಯ ಮಗನಿಗೆ, ಅವನ ಗಂಡುಸಂತಾನಕ್ಕೆ, ಅದಿಲ್ಲದಿದ್ದರೆ ಮುಂದಿನವನಿಗೆ ಎಂದು ಸರಪಳಿ ಹೆಣೆದ. ಸುಸಾನಾಳಿಗೆ ಆಗ ಇದ್ದದ್ದು ಒಬ್ಬ ಮಗಳು ಮಾತ್ರ. ಆ ವರ್ಷದ ಫೆಬ್ರವರಿಯಲ್ಲಷ್ಟೇ ಮದುವೆಯಾಗಿದ್ದ ಕಿರಿಯ ಮಗಳು ಜುಡಿತ್‌ಳಿಗೆ 150 ಪೌಂಡ್, ಮತ್ತೆ ಷರತ್ತಿನ ಮೇಲೆ ಇನ್ನೂ 150 ಪೌಂಡ್. ತಂಗಿ ಜೋನ್‌ಳಿಗೆ 20 ಪೌಂಡ್, ತನ್ನ ಬಟ್ಟೆಗಳು, ಮತ್ತು ವರ್ಷಕ್ಕೆ ಹನ್ನೆರಡು ಪೆನ್ನಿ ಬಾಡಿಗೆಯ ಮೇಲೆ ಸಾಯುವವರೆಗೂ ಇರಲು ಮನೆ. ಊರಿನ ಬಡವರಿಗೆ 10 ಪೌಂಡ್. ಹೆಂಡತಿ ಆನ್‌ಳಿಗೆ ಎರಡನೆಯ ಉತ್ತಮ ಮಂಚವನ್ನು ಕೊಡುವ ಮಾತು ಸಾಲುಗಳ ನಡುವೆ ಸೇರಿಸಿದ್ದು.

ಅವನು ಕಾದುಕೊಂಡ ಗಂಡುಸಂತಾನ ಸುಸಾನಾಳಿಗೆ ಹುಟ್ಟಲೇ ಇಲ್ಲ. ಮೊಮ್ಮಗಳು ಎಲಿಜಬೆತ್ ಮಕ್ಕಳಿಲ್ಲದೆ 1670ರಲ್ಲಿ ತೀರಿಕೊಂಡಾಗ ನೇರ ವಂಶ ಮುಗಿಯಿತು. ಆಸ್ತಿಯನ್ನು ಒಡೆಯದೆ ಇಟ್ಟರೆ ಮನೆತನ ಉಳಿದೇ ಉಳಿಯುತ್ತದೆ ಎಂಬ ಭರವಸೆಗೂ ಆಧಾರವಿಲ್ಲ ಎಂಬುದನ್ನು ಈ ಉಯಿಲು ತೋರಿಸುತ್ತದೆ. ಹಂಚಿದವರ ಮಕ್ಕಳು ಕೆಟ್ಟ ಫಸಲಿಗೆ ಸಿಕ್ಕಿ ಸೋತರು, ಹಂಚದವನು ವಿಧಿಗೆ ಸೋತ. ಸೋಲು ಎರಡೂ ದಾರಿಯಲ್ಲಿ ಇರುವುದಾದರೆ, ಎಲ್ಲ ಮಕ್ಕಳನ್ನೂ ನೆನೆದವನ ದಾರಿಯೇ ಮೇಲು ಎಂದು ನನ್ನ ಮನಸ್ಸು ಹೇಳುತ್ತದೆ.

ನಮ್ಮ ಮನೆಗಳ ಕಡೆಗೆ

ಈ ಇಂಗ್ಲಿಷ್ ಉಯಿಲು ನಮ್ಮ ಮನೆಗಳಿಗೂ ಬಂದಿದೆ. 1870ರ ಹಿಂದೂ ಉಯಿಲು ಕಾಯಿದೆ, ಆಮೇಲೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅದರ ವಿಧಿಗಳನ್ನು ನಮ್ಮಲ್ಲಿ ನೆಲೆಗೊಳಿಸಿದವು. ಇಬ್ಬರು ಸಾಕ್ಷಿಗಳ ನಿಯಮ, ಸ್ವಸ್ಥ ಮನಸ್ಸಿನಿಂದ ಬರೆಸಿದ್ದೇನೆ ಎಂಬ ಮಾತು ಆ ಪರಂಪರೆಯವು. ಇನ್ನೊಂದು ಕಡೆ ವಿಜ್ಞಾನೇಶ್ವರನ ಹುಟ್ಟುಹಕ್ಕು ಗಂಡುಮಕ್ಕಳನ್ನು ದಾಟಿ ಹೆಣ್ಣುಮಕ್ಕಳಿಗೂ ತಲುಪಿತು. ಕರ್ನಾಟಕ 1994ರಲ್ಲೇ ಅದಕ್ಕೆ ತಿದ್ದುಪಡಿ ತಂದಿತು, ಇಡೀ ದೇಶಕ್ಕೆ ಅನ್ವಯಿಸುವ ತಿದ್ದುಪಡಿ 2005ರಲ್ಲಿ ಬಂತು. ಸ್ತ್ರೀಧನಕ್ಕೆ ವಿಶಾಲವಾದ ಅರ್ಥ ಕೊಟ್ಟವನೂ ವಿಜ್ಞಾನೇಶ್ವರನೇ ಎಂಬುದನ್ನು ಈ ನಾಡಿನವರಾದ ನಾವು ನೆನೆಯಬೇಕು.

ಆದರೆ ಕಾನೂನು ಕೊಟ್ಟದ್ದನ್ನು ಬದುಕು ಎಷ್ಟು ಕೊಟ್ಟಿದೆ? ತವರು ಕೆಡದಿರಲಿ ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕುವ ಅಕ್ಕತಂಗಿಯರು ನಮ್ಮ ಉಪನೋಂದಣಿ ಕಚೇರಿಗಳಲ್ಲಿ ಇಂದಿಗೂ ಕಾಣುತ್ತಾರೆ. ಅವರ ಅಣ್ಣತಮ್ಮಂದಿರನ್ನು ಬೈದು ಸುಮ್ಮನಾಗುವುದು ಸುಲಭ. ಅಂಕಿಗಳನ್ನು ನೋಡಿ. ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 1970-71ರಲ್ಲಿ 3.20 ಹೆಕ್ಟೇರ್ ಇದ್ದದ್ದು 2015-16ರ ಕೃಷಿಗಣತಿಯ ಹೊತ್ತಿಗೆ 1.36 ಹೆಕ್ಟೇರಿಗೆ ಇಳಿದಿದೆ. ಮೂರೂವರೆ ಎಕರೆಗೂ ಕಡಿಮೆ. ಅದೇ ಕಾಲದಲ್ಲಿ ಗೋಮಾಳ, ಗುಂಡುತೋಪು, ಕೆರೆಯಂಗಳಗಳು ಒತ್ತುವರಿಯಾಗುತ್ತ, ಮಂಜೂರಾಗುತ್ತ ಕರಗಿವೆ. ವಿಲ್ಲಿಂಗ್‌ಹ್ಯಾಮ್‌ನಂತೆ ಪಾಲು ಚಿಕ್ಕದಾಗುತ್ತಿದೆ, ಆದರೆ ಅಲ್ಲಿದ್ದಂಥ ಬಯಲು ಇಲ್ಲವಾಗುತ್ತಿದೆ. ಹೀಗಿರುವಾಗ ಮಗಳು ಕೇಳುವ ಪಾಲು ಮನೆಗೆ ಬೆದರಿಕೆಯಾಗಿ ಕಾಣುತ್ತದೆ. ಅವಳ ಹಕ್ಕು ನಿಜವಾಗಬೇಕಾದರೆ ಊರಿನ ಸಾಮೂಹಿಕ ಆಸ್ತಿಯನ್ನು ಕಾಪಾಡಬೇಕು. ಇಂದಿನ ಅರ್ಥದಲ್ಲಿ ಆ ಆಸ್ತಿಯೊಳಗೆ ಹುಲ್ಲುಗಾವಲಿನ ಜೊತೆಗೆ ಸರಕಾರಿ ಶಾಲೆ, ಆಸ್ಪತ್ರೆ, ಹಾಲಿನ ಡೇರಿ, ಸಹಕಾರ ಸಂಘಗಳೂ ಸೇರುತ್ತವೆ. ಇವು ಗಟ್ಟಿಯಾಗಿದ್ದ ಊರಿನಲ್ಲಿ ಅಣ್ಣನಿಗೆ ತಂಗಿಯ ಪಾಲು ಭಾರವಾಗುವುದಿಲ್ಲ.

ಇಲ್ಲಿ ಕುಳಿತಿರುವ ಸಂಶೋಧನ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಿಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ಪಾಲುಪಟ್ಟಿಗಳು, ಪಾಲುಪಾರೀಖತ್ತುಗಳು, ಜೀವನಾಂಶದ ಕರಾರುಗಳು ಇರಬಹುದು. ಯಾವ ಕೋಣೆ ಅಜ್ಜಿಗೆ ಬಂತು, ಯಾವ ಮರದ ತೆಂಗಿನಕಾಯಿ ಯಾರಿಗೆ, ಬಾವಿಯ ನೀರು ವಾರದ ಯಾವ ದಿನ ಯಾರ ತೋಟಕ್ಕೆ ಎಂಬುದೆಲ್ಲ ಅವುಗಳಲ್ಲಿ ಸಿಗಬಹುದು. ದೊಡ್ಡ ಶಾಸನಗಳಿಗೆ ಕೊಟ್ಟ ಗೌರವವನ್ನು ಈ ಕಾಗದಗಳಿಗೂ ಕೊಡಿ. ಹಿರಿಯರ ಅನುಮತಿ ಪಡೆದು ಓದಿ, ನಕಲು ಮಾಡಿ, ಹಳ್ಳಿಯ ನಕ್ಷೆಯ ಪಕ್ಕದಲ್ಲಿಟ್ಟು ಗೋಮಾಳ ಎಲ್ಲಿತ್ತು, ಎಂದು ಹೋಯಿತು ಎಂದು ಗುರುತಿಸಿ. ಸ್ಪಫರ್ಡ್ ಮೂರು ಹಳ್ಳಿಗಳಿಗೆ ಮಾಡಿದ ಕೆಲಸ ನಮ್ಮ ತಾಲ್ಲೂಕಿಗೊಂದು ಹಳ್ಳಿಯಲ್ಲಾದರೂ ನಡೆದರೆ, ಹೆಣ್ಣುಮಕ್ಕಳ ಪಾಲು ಎಲ್ಲಿ ದಕ್ಕಿತು, ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಎಂದು ನಾವು ಆಧಾರಸಹಿತ ಹೇಳಬಲ್ಲೆವು. ಕಾನೂನು ತಿದ್ದುವವರಿಗೂ ಪಂಚಾಯಿತಿ ನಡೆಸುವವರಿಗೂ ಆ ಉತ್ತರ ಬೇಕಾಗಿದೆ.